ಹೊಸಬರು ಬಂದಾಗ ಮೊದಲು ನೀರು, ಆಮೇಲೆ ಪ್ರಶ್ನೆ

ಕೋಲಾರದ ಕಡೆ ಈಗ ಯಾವ ಚರ್ಚಿನ ಸಭೆಗೆ ಹೋದರೂ ಹಿಂದಿನ ಸಾಲಿನಲ್ಲಿ ಒಂದೆರಡು ಹೊಸ ಮುಖ ಇದ್ದೇ ಇರುತ್ತವೆ. ನರಸಾಪುರ, ವೇಮಗಲ್ ಫ್ಯಾಕ್ಟರಿಗಳಿಗೆ ಬಂದ ಜಾರ್ಖಂಡ್, ಒಡಿಶಾದ ಹುಡುಗ ಹುಡುಗಿಯರು, ಮಾಲೂರಿನ ಇಟ್ಟಿಗೆ ಗೂಡುಗಳ ಹತ್ತಿರ ಗುಡಿಸಲು ಹಾಕಿಕೊಂಡಿರುವ ಕುಟುಂಬಗಳು, ಟಮಕದಲ್ಲಿ ನರ್ಸಿಂಗ್ ಓದಲು ಬಂದ ಕೇರಳದ, ಈಶಾನ್ಯದ ಮಕ್ಕಳು. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸುತ್ತಲೂ ಹೀಗೇ ಇದೆ. ಬರುತ್ತಾರೆ, ಕೊನೆಯ ಬೆಂಚಿನಲ್ಲಿ ಕೂರುತ್ತಾರೆ, ಆಶೀರ್ವಾದ ಮುಗಿಯುವ ಮುಂಚೆಯೇ ಎದ್ದು ಹೋಗುತ್ತಾರೆ. ಮುಂದಿನ ವಾರ ಕಾಣುವುದಿಲ್ಲ. ಅವರಿಗೆ ಆಸಕ್ತಿ ಇಲ್ಲ ಅಂದುಕೊಂಡು ನಾವು ಸುಮ್ಮನಾಗುತ್ತೇವೆ. ವಾರಕ್ಕೆ ಸಿಗುವ ಒಂದೇ ರಜೆಯಲ್ಲಿ ನಿದ್ದೆ ಬಿಟ್ಟು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಎರಡು ಬಸ್ ಬದಲಾಯಿಸಿ ಬಂದವರಿಗೆ ಆಸಕ್ತಿ ಇರಲಿಲ್ಲ ಅಂತ ಹೇಗೆ ಹೇಳುವುದು?

ಆಸಕ್ತಿ ಇತ್ತು. ನಾವು ಬರಮಾಡಿಕೊಂಡ ರೀತಿ ಸರಿ ಇರಲಿಲ್ಲ. ಇದು ಕಲಿಯಬಹುದಾದ ಕೆಲಸ, ಸಣ್ಣ ಸಭೆಗೂ ಆಗುವ ಕೆಲಸ, ದುಡ್ಡು ಜಾಸ್ತಿ ಬೇಡದ ಕೆಲಸ. ನಾನು ಹೇಳುವುದರಲ್ಲಿ ಮುಖ್ಯವಾದದ್ದು ಒಂದೇ. ಬಂದವರಿಗೆ ಬೇಕಾದದ್ದನ್ನು ಮೊದಲು ಕೊಡಿ, ನಿಮಗೆ ತಿಳಿಯಬೇಕಾದದ್ದನ್ನು ಆಮೇಲೆ ಕೇಳಿ. ಈ ಕ್ರಮ ತಿರುಗುಮುರುಗಾದರೆ ಎಷ್ಟು ಬಿರಿಯಾನಿ ಬಡಿಸಿದರೂ ಪ್ರಯೋಜನ ಇಲ್ಲ.

ಯಾರ ಪೈಕಿ ಅಂತ ಕೇಳಬೇಡಿ

ನಮ್ಮ ಕಡೆ ಹೊಸಬರನ್ನು ಕಂಡ ತಕ್ಷಣ ಬಾಯಿಗೆ ಬರುವ ಮಾತು ಗೊತ್ತಲ್ವಾ? "ಯಾವ ಊರು? ಯಾರ ಪೈಕಿ?" ಊರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಬೆನ್ನಿಗೇ ಅಪ್ಪನ ಹೆಸರು, ಯಾವ ಬೀದಿ, ಮೊದಲು ಯಾವ ಸಭೆ, ಯಾವ ಕಡೆಯವರು ಅಂತ ಶುರುವಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಜಾತಿಗೆ ಹೋಗಿ ನಿಲ್ಲುತ್ತದೆ. ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದದ್ದು ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ. ನಮ್ಮ ಸಭೆಗಳಲ್ಲಿರುವ ಎಷ್ಟೋ ಜನ ಆ ಲೋಟ ತೊಳೆದಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು. ಅಂಥ ಮನೆಯಿಂದ ಬಂದ ನಾವು ದೇವರ ಮನೆಯ ಬಾಗಿಲಲ್ಲಿ ನಿಂತು ಇನ್ನೊಬ್ಬರ ಪೈಕಿ ಕೇಳಬಾರದು. ನನಗೆ ಇದು ಚರ್ಚೆ ಮಾಡುವ ವಿಷಯವೇ ಅಲ್ಲ.

ಸತ್ಯವೇದದ ಆದಿಕಾಂಡ 18ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಬಿಸಿಲು ಏರಿದ ಹೊತ್ತು. ಅಬ್ರಹಾಮ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ಮೂವರು ಎದುರಿಗೆ ನಿಂತಿರುವುದು ಕಾಣುತ್ತದೆ. ವಯಸ್ಸಾದವನು ಎದ್ದು ಓಡುತ್ತಾನೆ. ಕಾಲಿಗೆ ನೀರು, ಮರದ ನೆರಳು, ಒಂದು ತುತ್ತು ರೊಟ್ಟಿ ಅಂತ ಸಣ್ಣದಾಗಿ ಹೇಳುತ್ತಾನೆ. ಆಮೇಲೆ ಒಳಗೆ ಹೋಗಿ ಸಾರಾಳಿಗೆ ಒಳ್ಳೆಯ ಹಿಟ್ಟು ನಾದಲು ಹೇಳಿ, ಕರು ಆರಿಸಿ, ಮೊಸರು ಹಾಲು ಎಲ್ಲ ತಂದಿಡುತ್ತಾನೆ. ಅವರು ತಿನ್ನುವಾಗ ತಾನು ಕೂರುವುದಿಲ್ಲ, ಮರದ ಕೆಳಗೆ ಅವರ ಪಕ್ಕದಲ್ಲಿ ನಿಂತಿರುತ್ತಾನೆ. ಇಷ್ಟೂ ಹೊತ್ತು ಅವರ ಹೆಸರು ಕೇಳಿಲ್ಲ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ ಅಂತಲೂ ಇಲ್ಲ. ಹೇಳಿದ್ದು ಕಮ್ಮಿ, ಕೊಟ್ಟದ್ದು ಜಾಸ್ತಿ. ಈ ಅಧ್ಯಾಯದಲ್ಲೇ ನಮಗೆ ಬೇಕಾದ ಪೂರ್ತಿ ಪಾಠ ಇದೆ ಅಂತ ನನಗನ್ನಿಸುತ್ತದೆ, ಇನ್ನು ಉಳಿದದ್ದು ಅದನ್ನು ನಮ್ಮ ಊರಿಗೆ ಹೇಗೆ ಹೊಂದಿಸಿಕೊಳ್ಳುವುದು ಅನ್ನುವುದಷ್ಟೇ.

ಇನ್ನೊಂದು ಮಾತು ಯಾಜಕಕಾಂಡ 19ರಲ್ಲಿದೆ. ಪರದೇಶದವನನ್ನು ನಿಮ್ಮಂತೆಯೇ ಪ್ರೀತಿಸಿ, ಯಾಕೆಂದರೆ ಐಗುಪ್ತದಲ್ಲಿ ನೀವೂ ಪರದೇಶದವರಾಗಿದ್ದಿರಿ. ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯಿಂದ ಬಂದ ಬಡವರು. ಲೈನ್ ಮನೆಗಳಲ್ಲಿ ಬದುಕಿ, ಅಲ್ಲೇ ಚರ್ಚು ಕಟ್ಟಿ, ಅಲ್ಲೇ ಸತ್ತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅವರ ಮೊಮ್ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿ ಅವರೇ ಹೊರಗಿನವರು. ಹೊರಗಿನವರಾಗಿರುವುದು ಹೇಗಿರುತ್ತದೆ ಅಂತ ನಮ್ಮ ಜಿಲ್ಲೆಗೆ ಗೊತ್ತು.

ಗೇಟಿನ ಹತ್ತಿರ ಯಾರು ನಿಲ್ಲಬೇಕು

ದೊಡ್ಡ ಸಭೆಗಳಲ್ಲಿ ಈಗ ಯುವಕರ ತಂಡ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಗೇಟಿನಲ್ಲಿ ನಿಂತು ಕೈ ಕುಲುಕುತ್ತದೆ. ತಪ್ಪಲ್ಲ. ಆದರೆ ನನ್ನನ್ನು ಕೇಳಿದರೆ ಅಲ್ಲಿ ಒಬ್ಬ ವಯಸ್ಸಾದ ಅಜ್ಜಿ ಅಥವಾ ತಾತ ಇರಬೇಕು. ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠಗಳಿಗೆ ಬರೆದ ನಿಯಮದಲ್ಲಿ ಬಾಗಿಲು ಕಾಯುವವನಿಗಾಗಿಯೇ ಒಂದು ಅಧ್ಯಾಯ ಇದೆ. ಆತ ವಯಸ್ಸಾದವನಾಗಿರಬೇಕು, ವಿವೇಕಿಯಾಗಿರಬೇಕು, ಆ ಕಡೆ ಈ ಕಡೆ ಅಲೆಯುವ ಸ್ವಭಾವ ಇರಬಾರದು, ಯಾರಾದರೂ ಬಾಗಿಲು ತಟ್ಟಿದ ಕೂಡಲೇ ದೇವರಿಗೆ ಸ್ತೋತ್ರ ಅಂತ ಉತ್ತರ ಕೊಡಬೇಕು. ಬಂದವರು ಯಾರು ಅಂತ ನೋಡುವ ಮುಂಚೆಯೇ ಸ್ತೋತ್ರ! ಬಂದದ್ದೇ ಒಳ್ಳೆಯದಾಯಿತು ಅನ್ನುವ ಮಾತು ಮೊದಲು, ಮಿಕ್ಕಿದ್ದು ಆಮೇಲೆ.

ಅಜ್ಜಿಗೆ ಹೇಳಿಕೊಡಬೇಕಾದದ್ದು ಬಹಳ ಇಲ್ಲ. "ಬಾಮ್ಮ, ಬಿಸಿಲಲ್ಲಿ ಬಂದಿದ್ದೀಯ, ಮೊದಲು ನೀರು ಕುಡಿ" ಅಂದರೆ ಸಾಕು. ಕನ್ನಡ ಬರದವರಿಗೂ ಈ ಮಾತು ಅರ್ಥವಾಗುತ್ತದೆ, ಯಾಕೆಂದರೆ ಕೈಯಲ್ಲಿ ಲೋಟ ಇರುತ್ತದೆ. ಗೇಟಿನ ಪಕ್ಕ ಒಂದು ಸ್ಟೂಲು, ಅದರ ಮೇಲೆ ನೀರಿನ ಕ್ಯಾನು, ತೊಳೆದ ಸ್ಟೀಲ್ ಲೋಟಗಳು. ಪ್ಲಾಸ್ಟಿಕ್ ಕಪ್ ಬೇಡ. ಎಲ್ಲರೂ ಅದೇ ಲೋಟದಲ್ಲೇ ಕುಡಿಯಲಿ, ಸಭೆ ನಡೆಸುವ ಅಯ್ಯನವರೂ ಸೇರಿ. ಜನ ಇದನ್ನೆಲ್ಲ ನೋಡುತ್ತಾರೆ.

ಆಮೇಲೆ ಒಳಗಿನ ಸಣ್ಣ ಪುಟ್ಟ ವಿಷಯಗಳು. ಚಪ್ಪಲಿ ಎಲ್ಲಿ ಬಿಡಬೇಕು, ಗಂಡಸರು ಯಾವ ಕಡೆ ಹೆಂಗಸರು ಯಾವ ಕಡೆ, ತಲೆ ಮೇಲೆ ಸೆರಗು ಬೇಕಾ ಬೇಡವಾ, ಶೌಚಾಲಯ ಎಲ್ಲಿ. ನಮಗೆ ಇದು ಹುಟ್ಟಿದಾಗಿನಿಂದ ಗೊತ್ತು, ಹೊಸಬರಿಗೆ ಪ್ರತಿಯೊಂದೂ ಭಯ. ಎಲ್ಲರೂ ತಿರುಗಿ ನೋಡಿದ ಮೇಲೆ ತಿದ್ದಬೇಡಿ, ಮೊದಲೇ ಮೆತ್ತಗೆ ಹೇಳಿಬಿಡಿ. ಗೀತೆ ಪುಸ್ತಕ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಪಕ್ಕದಲ್ಲಿ ಕೂತು ಪುಟ ತೆಗೆದುಕೊಡಿ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ ಇರುವ ಭಾನುವಾರ ಇನ್ನೂ ಜಾಗ್ರತೆ. ಒಂದೊಂದು ಸಭೆಯ ಕ್ರಮ ಒಂದೊಂದು ಥರ, ಕಥೋಲಿಕರ ಪೂಜೆಯಲ್ಲಿ ಬೇರೆಯೇ ನಿಯಮ. ಸಾಲು ಎದ್ದು ನಿಂತಾಗ ಹೊಸಬರಿಗೆ ತಾವೂ ಹೋಗಬೇಕಾ ಕೂತಿರಬೇಕಾ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂತವರು ಆರಾಧನೆ ಶುರುವಾಗುವ ಮುಂಚೆಯೇ ಹೇಳಿದ್ದರೆ ಮುಜುಗರ ಇರುವುದಿಲ್ಲ.

ಜಾಗದ ವಿಷಯ. "ಇದು ನಮ್ಮ ಮನೆಯವರು ಕೂರೋ ಬೆಂಚು" ಅನ್ನುವ ಮಾತು ಬಾಯಿಂದ ಬಂದರೆ ಮುಗಿಯಿತು. ಚಿನ್ನದ ಉಂಗುರದವನಿಗೆ ಒಳ್ಳೆಯ ಪೀಠ, ಕೊಳಕು ಬಟ್ಟೆಯ ಬಡವನಿಗೆ ಅಲ್ಲಿ ನಿಂತುಕೋ ಅನ್ನುವವರನ್ನು ಯಾಕೋಬ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ನೇರವಾಗಿ ಬಯ್ಯುತ್ತಾನೆ. ಸಭೆ ಸೇರಿದ ಜಾಗದಲ್ಲೇ ನಡೆಯುವ ಮಾತು ಅದು.

ದಯವಿಟ್ಟು ಒಂದು ಪದ್ಧತಿ ನಿಲ್ಲಿಸಿ. "ಈ ದಿನ ಹೊಸದಾಗಿ ಬಂದವರು ಎದ್ದು ನಿಂತು ತಮ್ಮ ಪರಿಚಯ ಹೇಳಿ" ಅನ್ನುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಕನ್ನಡ ಸರಿಯಾಗಿ ಬರದ ಹತ್ತೊಂಬತ್ತು ವರ್ಷದ ಹುಡುಗಿಗೆ ಇನ್ನೂರು ಜನರ ಮುಂದೆ ಮೈಕ್ ಕೊಟ್ಟರೆ ಅವಳು ಆ ವಾರವೇ ಕೊನೆ. ಹಾಗೆಯೇ ಫೋಟೋ ತೆಗೆದು ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕುವುದೂ ಬೇಡ. ಚರ್ಚಿಗೆ ಬಂದದ್ದು ಮನೆಯಲ್ಲಿ, ಕೆಲಸದ ಜಾಗದಲ್ಲಿ ಗೊತ್ತಾದರೆ ಕೆಲವರಿಗೆ ದೊಡ್ಡ ತೊಂದರೆ ಆಗುತ್ತದೆ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ನೋಡಿ ಹೇಳಲು ಸಾಧ್ಯವಿಲ್ಲ, ಹಾಗಾಗಿ ಯಾರದ್ದೂ ಹಾಕಬೇಡಿ.

ಮನೆಗೆ ಕರೆಯಿರಿ

ಚರ್ಚಿನ ಕಾಂಪೌಂಡಿನಲ್ಲಿ ಟೀ ಬಿಸ್ಕತ್ತು ಕೊಡುವುದು ಒಳ್ಳೆಯದೇ. ಆದರೆ ಮನೆಗೆ ಕರೆದರೆ ಮಾತ್ರ ಹೊಸಬರಿಗೆ ಊರು ಒಗ್ಗುತ್ತದೆ. ಆರಾಧನೆ ಮುಗಿದ ತಕ್ಷಣ, ಅದೇ ದಿನ, "ನಮ್ಮ ಮನೆ ಇಲ್ಲೇ, ಬನ್ನಿ, ಏನಿದೆಯೋ ಅದನ್ನೇ ತಿನ್ನೋಣ" ಅಂತ ಕರೆಯಿರಿ. "ಒಂದಿನ ಬನ್ನಿ" ಅಂದರೆ ಯಾರೂ ಬರುವುದಿಲ್ಲ, ನಮಗೂ ಅದು ಗೊತ್ತಿದ್ದೇ ಹಾಗೆ ಅನ್ನುತ್ತೇವೆ. ಭಾನುವಾರದ ಅಡುಗೆಗೆ ಎರಡು ಪಾವು ಅಕ್ಕಿ ಜಾಸ್ತಿ ಹಾಕುವುದನ್ನು ಅಭ್ಯಾಸ ಮಾಡಿಕೊಂಡರೆ ಹೆಚ್ಚು ಯೋಚನೆ ಬೇಕಾಗುವುದಿಲ್ಲ. ಯಾರೂ ಬರದಿದ್ದರೆ ಸೋಮವಾರ ಬೆಳಗ್ಗೆ ಚಿತ್ರಾನ್ನ.

ಮನೆ ಚಿಕ್ಕದು, ಸೋಫಾ ಇಲ್ಲ, ಶೀಟಿನ ಮನೆ ಅಂತ ಹಿಂಜರಿಯುವವರು ಬಹಳ ಜನ. ಸತ್ಯವೇದದಲ್ಲಿ ಬರುವ ಚಾರೆಪ್ತಾ ಊರಿನ ವಿಧವೆಯ ಮಡಕೆಯಲ್ಲಿ ಇದ್ದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಅವಳಿಗೂ ಮಗನಿಗೂ ಅದೇ ಕೊನೆಯ ಊಟ. ಪ್ರವಾದಿ ಎಲೀಯನಿಗೆ ಅದರಲ್ಲೇ ಮೊದಲು ರೊಟ್ಟಿ ಮಾಡಿ ಕೊಟ್ಟಳು. ಅವಳು ಇಸ್ರಾಯೇಲಿನವಳೂ ಅಲ್ಲ. ಹೊರಗಿನವಳೇ ಪ್ರವಾದಿಗೆ ಊಟ ಹಾಕಿದಳು. ಬಂದವರ ಮುಂದೆ ಮನೆಯ ಬಗ್ಗೆ ಪದೇಪದೇ ನೊಂದುಕೊಳ್ಳಬೇಡಿ, ಆಗ ಅವರಿಗೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಬೀಳುತ್ತದೆ. ಚಾಪೆ ಹಾಸಿ, ಫ್ಯಾನ್ ಹಾಕಿ, ಕಾಲು ತೊಳೆಯಲು ನೀರು ತೋರಿಸಿ.

ಏನು ಬಡಿಸುವುದು? ಇಲ್ಲಿ ಸ್ವಲ್ಪ ತಿಳಿದುಕೊಂಡಿರಬೇಕು. ಮುದ್ದೆ ನಮಗೆ ಪ್ರಾಣ. ಹೊಸಬರು ಅದನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡು ಒದ್ದಾಡುತ್ತಾರೆ. ನಿಂಬೆಗಾತ್ರ ಮುರಿದು, ಸಾರಲ್ಲಿ ಉರುಳಿಸಿ, ನುಂಗಬೇಕು ಅಂತ ನೀವೇ ತಿಂದು ತೋರಿಸಿ. ಪಕ್ಕದಲ್ಲಿ ಅನ್ನ ಇರಲಿ. ಆದರೆ ಉತ್ತರದವರಿಗೆಲ್ಲ ರಾಗಿ ಗೊತ್ತಿಲ್ಲ ಅಂದುಕೊಳ್ಳಬೇಡಿ. ಒಡಿಶಾದ ಕೊರಾಪುಟ್ ಕಡೆ ರಾಗಿಗೆ ಮಂಡಿಯಾ ಅಂತಾರೆ, ಅಂಬಲಿಯ ಹಾಗೆ ಮಾಡಿ ಕುಡಿಯುತ್ತಾರೆ. ಜಾರ್ಖಂಡ್‌ನಲ್ಲಿ ಮಡುವಾ ಅಂತಾರೆ, ರೊಟ್ಟಿ ತಟ್ಟುತ್ತಾರೆ. ರಾಗಿ ಹಿಟ್ಟಿನ ಡಬ್ಬಿ ತೆರೆದು ತೋರಿಸಿದರೆ ಮಾತು ತಾನಾಗಿಯೇ ಶುರುವಾಗುತ್ತದೆ.

ನಮ್ಮ ಮನೆಗೆ ಸಿಮ್ಡೇಗಾ ಕಡೆಯ ಒಬ್ಬ ಹುಡುಗಿ ಬಂದಿದ್ದಳು, ನರಸಾಪುರದಲ್ಲಿ ಅಸೆಂಬ್ಲಿ ಲೈನಿನಲ್ಲಿ ಕೆಲಸ. ಅವರೆಕಾಳಿನ ಕಾಲ, ಹಿತಕಿದಬೇಳೆ ಸಾರು ಮಾಡಿದ್ದೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಏನೂ ಹೇಳದೆ ತಿನ್ನುತ್ತಿದ್ದಳು. ನಮ್ಮತ್ತೆ ಕುಕ್ಕರ್ ಅನ್ನ ತಿನ್ನುವುದಿಲ್ಲ, ಅವರಿಗೆ ಅಂತ ಬೇರೆ ಬಸಿದಿದ್ದ ಅನ್ನದ ಗಂಜಿ ಪಾತ್ರೆಯಲ್ಲಿ ಇತ್ತು. ಅದನ್ನು ಹಸುವಿನ ಬಾನಿಗೆ ಸುರಿಯಲು ತೆಗೆದುಕೊಂಡು ಹೋಗುವಾಗ ಹುಡುಗಿ ತಟ್ಟೆ ಬಿಟ್ಟು ಎದ್ದು ಬಂದು ಲೋಟ ಹಿಡಿದಳು. ಅವರ ಊರಲ್ಲಿ ಅದನ್ನು ಮಾಡ್ ಅಂತಾರಂತೆ, ಉಪ್ಪು ಹಾಕಿಕೊಂಡು ಕುಡಿಯುತ್ತಾರಂತೆ. ಅತ್ತೆ ಅದಕ್ಕೆ ಉಪ್ಪು, ಒಂದು ಹಸಿ ಈರುಳ್ಳಿ ಚೂರು ಹಾಕಿಕೊಟ್ಟರು. ಎರಡು ಲೋಟ ಕುಡಿದಳು. ಅಂದಿನಿಂದ ಅವಳು ಬರುವ ಭಾನುವಾರ ಅತ್ತೆ ನಮ್ಮೆಲ್ಲರ ಅನ್ನವನ್ನೂ ಬಸಿಯುತ್ತಾರೆ. ಅವರಿಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ.

ಭಾಷೆಗೆ ಹೆದರಬೇಡಿ. ನಮ್ಮ ಜಿಲ್ಲೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳುತ್ತವೆ, ನಾಲ್ಕರಲ್ಲಿ ಮೂರು ಬರುವವರು ಸಂತೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ಹಿಂದಿ ಬರುವವರು ಸಭೆಯಲ್ಲಿ ಯಾರೂ ಇಲ್ಲ ಅಂದರೆ ಪಕ್ಕದ ಮನೆಯ ಉರ್ದು ಮಾತಾಡುವ ಅಕ್ಕನನ್ನು ಕರೆಯಿರಿ. ಖುಷಿಯಿಂದ ಬರುತ್ತಾರೆ. ಮುಸಲ್ಮಾನ ನೆರೆಯವರು ಬಂದು ಕ್ರೈಸ್ತ ಹುಡುಗನ ಮಾತನ್ನು ನಮಗೆ ತಿಳಿಸಿ ಹೇಳುವುದರಲ್ಲಿ ನಮಗೆ ಕಮ್ಮಿಯಾಗುವುದು ಏನೂ ಇಲ್ಲ. ವಾಕ್ಯ ಓದುವಾಗ ಅವರ ಭಾಷೆಯ ಸತ್ಯವೇದ ಫೋನಿನಲ್ಲೇ ಸಿಗುತ್ತದೆ, ಅಧ್ಯಾಯ ವಚನದ ಸಂಖ್ಯೆ ಒಂದು ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿಟ್ಟರೆ ಅವರೇ ತೆಗೆದು ಓದಿಕೊಳ್ಳುತ್ತಾರೆ. ಸೀಮೆಸುಣ್ಣದ ಖರ್ಚು ಅಷ್ಟೇ.

ಗಾಳ ಹಾಕಬೇಡಿ

ಈಗ ಬೇರೆ ಧರ್ಮದವರ ವಿಷಯ. ಕ್ರಿಸ್ಮಸ್‌ಗೆ ಕಲ್‌ಕಲ್, ಕಜ್ಜಾಯ, ಕರ್ಜಿಕಾಯಿ ತಟ್ಟೆ ತುಂಬಿ ಬೀದಿಗೆಲ್ಲ ಹಂಚುವುದು ನಮ್ಮಲ್ಲಿ ಮೊದಲಿನಿಂದ ಇದೆ, ಯುಗಾದಿಗೆ ಅವರ ಮನೆಯ ಒಬ್ಬಟ್ಟು ನಮಗೆ ಬರುತ್ತದೆ. ಅದು ಹಾಗೇ ಇರಲಿ. ಮನೆಗೆ ಊಟಕ್ಕೆ ಕರೆದಾಗ ಮಾತ್ರ ಮೊದಲೇ ಕೇಳಿಕೊಳ್ಳಿ. ಮಾಂಸ ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಸೌಟು. ಮುಸಲ್ಮಾನರು ಬರುವುದಾದರೆ ಹಲಾಲ್ ಅಂಗಡಿಯಿಂದ ಮಾಂಸ ತನ್ನಿ, ಹಂದಿ ಮಾಂಸ ಆ ದಿನ ಒಲೆಯ ಮೇಲೆ ಬೇಡವೇ ಬೇಡ. ಕೆಲವು ಹಿರಿಯರು ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ತಿನ್ನುವುದಿಲ್ಲ. ನೋವಾಗುತ್ತದೆ, ನಿಜ. ಆದರೂ ಒತ್ತಾಯ ಮಾಡದೆ ಒಂದು ಎಳನೀರು ಕೆತ್ತಿಕೊಡಿ, ಬಾಳೆಹಣ್ಣು ಇಡಿ. ಅಷ್ಟಾದರೂ ಸ್ವೀಕರಿಸಲಿ. ವರ್ಷ ಎರಡು ವರ್ಷ ಹೀಗೆ ಬಂದು ಹೋದ ಮೇಲೆ "ಒಂದು ಲೋಟ ಕಾಫಿ ಕೊಡಮ್ಮ" ಅಂತ ತಾವೇ ಕೇಳಿದವರು ಇದ್ದಾರೆ.

ಊಟದ ಹಿಂದೆ ಇನ್ನೊಂದು ಉದ್ದೇಶ ಇಟ್ಟುಕೊಳ್ಳಬೇಡಿ. ತಟ್ಟೆಯ ಪಕ್ಕ ಕರಪತ್ರ ಇಡುವುದು, ಅಕ್ಕಿ ಕೊಟ್ಟು ಭಾನುವಾರ ಬರ್ತೀರಲ್ವಾ ಅನ್ನುವುದು, ಇವೆಲ್ಲ ಬೇಡ. 2022ರಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಾಗ ಸಭೆಗಳಲ್ಲಿ ಭಯ ಇತ್ತು, ಯಾರನ್ನೂ ಕರೆಯುವುದೇ ಬೇಡ ಅಂದವರೂ ಇದ್ದರು. ನಾನು ಕಾಯ್ದೆಗೆ ಹೆದರಿ ಹೇಳುತ್ತಿಲ್ಲ. ಲೂಕ 14ರಲ್ಲಿ ಯೇಸು ಸ್ವಾಮಿ ಔತಣಕ್ಕೆ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಅಂದದ್ದು ಯಾಕೆ? ಅವರಿಂದ ತಿರುಗಿ ಏನೂ ಬರುವುದಿಲ್ಲ ಅಂತ. ಸದಸ್ಯತ್ವ ಬರಲಿ ಅಂತ ಊಟ ಹಾಕಿದರೆ ಅದು ತಿರುಗಿ ಬಯಸಿದ ಹಾಗಾಯಿತು. ಕೃಪೆ ಅಂದರೆ ಲೆಕ್ಕ ಇಡದೆ ಸಿಕ್ಕಿದ್ದು. ನಮಗೆ ಹಾಗೆ ಸಿಕ್ಕಿದೆ, ನಾವೂ ಹಾಗೇ ಕೊಡಬೇಕು. ಅವರಾಗಿ ನಂಬಿಕೆಯ ವಿಷಯ ಕೇಳಿದರೆ ಸಂತೋಷದಿಂದ ಹೇಳಿ, ಮುಚ್ಚಿಡಬೇಡಿ. ಕೇಳದಿದ್ದರೆ ಊಟ ಬಡಿಸಿ, ಕುಶಲ ವಿಚಾರಿಸಿ, ಬಸ್ಸಿನವರೆಗೆ ಬಿಟ್ಟು ಬನ್ನಿ.

ತುಮಕೂರಿನವರಿಗೆ ಈ ವಿಷಯದಲ್ಲಿ ಕಣ್ಣ ಮುಂದೆಯೇ ಸಿದ್ಧಗಂಗಾ ಮಠ ಇದೆ. 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮಿಗಳು ಜಾತಿ ಧರ್ಮ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಓದು, ಇರಲು ಜಾಗ ಕೊಟ್ಟರು. ಕ್ರೈಸ್ತರು ಅದನ್ನು ನೋಡಿ ಕಲಿಯುವುದರಲ್ಲಿ ಸಂಕೋಚ ಯಾಕೆ? ನಮ್ಮ ಕಡೆಯೂ ಅಂಥ ಪರಂಪರೆ ಇತ್ತು. ಕೋಲಾರದಲ್ಲಿ ಮೆಥೋಡಿಸ್ಟ್ ಮಿಷನ್‌ನವರು ಕಟ್ಟಿದ ಇಟಿಸಿಎಂ ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ, ಇವುಗಳ ಬಾಗಿಲು ಹಳ್ಳಿಯ ಬಡವರಿಗೆ ತೆರೆದಿದ್ದವು. ನಾಲ್ಕನೇ ಶತಮಾನದಲ್ಲೇ ಕೈಸರೈಯ ಪಟ್ಟಣದ ಬಿಷಪ್ ಬೇಸಿಲ್ ಊರ ಹೊರಗೆ ಪ್ರಯಾಣಿಕರಿಗೆ, ರೋಗಿಗಳಿಗೆ, ಕುಷ್ಠದವರಿಗೆ ಅಂತ ದೊಡ್ಡ ಆಶ್ರಯಧಾಮ ಕಟ್ಟಿಸಿದ್ದರು. ಕ್ರೈಸ್ತರನ್ನು ಇಷ್ಟಪಡದಿದ್ದ ರೋಮ್ ಚಕ್ರವರ್ತಿ ಜೂಲಿಯನ್ ಕೂಡ ಇವರು ತಮ್ಮ ಬಡವರನ್ನಷ್ಟೇ ಅಲ್ಲ ನಮ್ಮ ಬಡವರನ್ನೂ ಸಾಕುತ್ತಾರೆ ಅಂತ ಬರೆದ.

ಆಸ್ಪತ್ರೆ ಅಂದ ಮೇಲೆ ಇನ್ನೊಂದು. ದೊಡ್ಡ ಆಸ್ಪತ್ರೆಗಳ ಹೊರಗೆ ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯಿಂದ ಬಂದ ರೋಗಿಗಳ ಕಡೆಯವರು ರಾತ್ರಿಯೆಲ್ಲ ಕೂತಿರುತ್ತಾರೆ. ಹೆಂಗಸರ ಕೂಟದವರು ಒಂದು ಸಂಜೆ ಬಿಸಿನೀರಿನ ಫ್ಲಾಸ್ಕು, ಇಡ್ಲಿ ಪೊಟ್ಟಣ, ಎರಡು ಹಳೆಯ ಕಂಬಳಿ ತೆಗೆದುಕೊಂಡು ಹೋಗಬಹುದು. ಆಸ್ಪತ್ರೆಯವರ ಅನುಮತಿ ಮೊದಲೇ ಪಡೆಯಿರಿ. ಪ್ರಾರ್ಥನೆ ಅವರು ಕೇಳಿದರೆ ಮಾತ್ರ, ಅದೂ ಅವರ ಪಕ್ಕ ಕೂತು, ಮೆಲ್ಲಗೆ.

ಮೊದಲ ಊಟದ ನಂತರ

ನಿಜವಾದ ಕಷ್ಟ ಇಲ್ಲಿಂದ ಶುರು. ಒಂದು ಊಟ ಯಾರು ಬೇಕಾದರೂ ಹಾಕುತ್ತಾರೆ. ಹೊರಗಿನಿಂದ ಬಂದವರಿಗೆ ಅದಕ್ಕಿಂತ ಮುಖ್ಯವಾಗಿ ಬೇಕಾಗಿರುವುದು ಬಾಡಿಗೆ ಮನೆ. "ಹಿಂದಿಯವರಿಗೆ ಕೊಡಲ್ಲ", "ಬ್ಯಾಚುಲರ್ಸ್‌ಗೆ ಇಲ್ಲ", "ನಮ್ಮವರಿಗೆ ಮಾತ್ರ". ಇದನ್ನು ಕೇಳಿ ಕೇಳಿ ಸೋತಿರುತ್ತಾರೆ. ನಿಮ್ಮ ಮಹಡಿ ಮೇಲೆ ಒಂದು ರೂಮು ಖಾಲಿ ಇದ್ದರೆ ಅವರಿಗೆ ಕೊಡಿ. ಇಲ್ಲದಿದ್ದರೆ ಅವರ ಜೊತೆ ಹೋಗಿ ಮನೆ ಮಾಲೀಕರ ಹತ್ತಿರ "ನನಗೆ ಗೊತ್ತಿರೋ ಹುಡುಗರು ಸ್ವಾಮಿ" ಅಂತ ಒಂದು ಮಾತು ಹೇಳಿ. ಕೊರಿಂಥದ ಪಕ್ಕದ ಕೆಂಕ್ರೆಯ ಸಭೆಯ ಸಹೋದರಿ ಫೊಯಿಬೆಯನ್ನು ಸೇರಿಸಿಕೊಳ್ಳಿ, ಅವಳಿಗೆ ಬೇಕಾದ ಸಹಾಯ ಮಾಡಿ ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಕೇಳಿಕೊಂಡದ್ದು ಇದೇ ಥರದ ಶಿಫಾರಸು. ಬಾಡಿಗೆ ಕರಾರು ಕನ್ನಡದಲ್ಲಿದ್ದರೆ ಓದಿ ಹೇಳಿ, ಅಡ್ವಾನ್ಸ್ ಕೊಟ್ಟದ್ದಕ್ಕೆ ಬರಹದಲ್ಲಿ ರಸೀದಿ ಇರಲಿ.

ರೇಷನ್ ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಯಲ್ಲಿ, ಆಹಾರ ಭದ್ರತಾ ಕಾಯ್ದೆಯ ಕೆಳಗೆ ಬರುವ ಬೇರೆ ರಾಜ್ಯದ ಕಾರ್ಡಿಗೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಅಂಗಡಿಯವರು ಮೊದಲು ಇಲ್ಲ ಅಂದರೂ ಊರಿನವರು ಒಬ್ಬರು ಪಕ್ಕದಲ್ಲಿ ನಿಂತಿದ್ದರೆ ಮಾತು ಬದಲಾಗುತ್ತದೆ. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವರ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವುದಕ್ಕೂ ಹೀಗೇ ಜೊತೆಗೆ ಹೋಗಿ. ಮಕ್ಕಳಿಗೆ ಏನಾದರೂ ಆಪತ್ತು ಕಂಡರೆ 1098, ಬೇರೆ ತುರ್ತಿಗೆ 112. ಈ ಎರಡು ನಂಬರು ಅವರ ಫೋನಿನಲ್ಲಿ ಹಾಕಿಕೊಡಿ.

ಮುಂದೆ, ಬಂದವರಿಗೆ ಕೆಲಸ ಕೊಡಿ. ಯಾವಾಗಲೂ ಅತಿಥಿಯಾಗಿಯೇ ಕೂತಿರಲು ಯಾರಿಗೂ ಇಷ್ಟ ಇರುವುದಿಲ್ಲ. ಸುಗ್ಗಿ ಹಬ್ಬಕ್ಕೆ ತರಕಾರಿ ಜೋಡಿಸಲಿ, ಗಿಟಾರ್ ಬಂದರೆ ನುಡಿಸಲಿ, ಅವರ ಭಾಷೆಯಲ್ಲಿ ಒಂದು ಹಾಡು ಹೇಳಲಿ. ಜಾರ್ಖಂಡಿನ ಹುಡುಗರು ಮಾಂದರ್ ಬಾರಿಸುತ್ತಾ ಹಾಡುವುದನ್ನು ಕೇಳಿದರೆ ನಮ್ಮ ತಮಟೆಯವರೂ ಸುಮ್ಮನೆ ಕೂರುವುದಿಲ್ಲ. ಅತ್ತೆ ನೊವೊಮಿಯ ಜೊತೆ ಬೆತ್ಲೆಹೇಮಿಗೆ ಬಂದ ಮೋವಾಬಿನ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದಳು. ಅವನು ತನ್ನ ಆಳುಗಳಿಗೆ ಅವಳನ್ನು ಮುಟ್ಟಬೇಡಿ, ಬೈಯಬೇಡಿ, ಬೇಕೆಂದೇ ಸ್ವಲ್ಪ ತೆನೆ ಬಿಟ್ಟುಹೋಗಿ ಅಂದ. ಊಟದ ಹೊತ್ತಿಗೆ ಕರೆದು ಕೊಯ್ಯುವವರ ಪಕ್ಕದಲ್ಲಿ ಕೂರಿಸಿದ. ರಕ್ಷಣೆ, ದುಡಿಮೆ, ಊಟ ಮೂರನ್ನೂ ಒಟ್ಟಿಗೆ ಕೊಟ್ಟ.

ಎಚ್ಚರಿಕೆಯೂ ಬೇಕು

ಪ್ರೀತಿ ಇದೆ ಅಂತ ಬುದ್ಧಿ ಬಿಡಬಾರದು. ದಿದಾಖೆ ಅನ್ನುವ ಆದಿಸಭೆಯ ಹಳೆಯ ಕೈಪಿಡಿಯಲ್ಲಿ ಇದಕ್ಕೆ ಲೆಕ್ಕವೇ ಇದೆ. ದಾರಿಹೋಕರಾಗಿ ಬಂದವರಿಗೆ ಕೈಲಾದಷ್ಟು ಸಹಾಯ ಮಾಡಿ, ಎರಡು ದಿನ, ತೀರಾ ಬೇಕಾದರೆ ಮೂರು ದಿನ ಇಟ್ಟುಕೊಳ್ಳಿ. ಇಲ್ಲೇ ನೆಲೆಸುತ್ತೇನೆ ಅಂದರೆ ಕೈಕಸುಬು ಮಾಡಿ ತಿನ್ನಲಿ. ಪ್ರವಾದಿ ಅಂತ ಬಂದವನು ದುಡ್ಡು ಕೇಳಿದರೆ ಅವನು ಸುಳ್ಳು ಪ್ರವಾದಿ. ರಸೀದಿ ಪುಸ್ತಕ ಹಿಡಿದು ಅನಾಥಾಶ್ರಮದ ಹೆಸರಲ್ಲಿ ಮನೆಮನೆಗೆ ಬರುವವರಿಗೆ ಊಟ ಹಾಕಿ, ಬಸ್ ಟಿಕೆಟ್ ಕೊಡಿಸಿ. ನಗದು ಬೇಡ. ಅಯ್ಯನವರಿಗೆ ಫೋನ್ ಮಾಡಿ ವಿಚಾರಿಸಿ.

ಹೊಸಬರಾದ ಹೆಣ್ಣುಮಕ್ಕಳನ್ನು ಒಬ್ಬ ಗಂಡಸು ಒಬ್ಬನೇ ಮನೆಗೆ ಕರೆದೊಯ್ಯುವುದು, ರಾತ್ರಿ ಒಬ್ಬನೇ ಗಾಡಿಯಲ್ಲಿ ಬಿಟ್ಟು ಬರುವುದು ಬೇಡ. ಮನೆಯ ಹೆಂಗಸರು ಜೊತೆಯಲ್ಲಿರಲಿ. ಮಕ್ಕಳ ವಿಷಯದಲ್ಲೂ ಅಷ್ಟೇ, ಯಾವಾಗಲೂ ಇಬ್ಬರು ದೊಡ್ಡವರು. ಇದು ಅನುಮಾನ ಅಲ್ಲ, ಎರಡೂ ಕಡೆಯವರಿಗೆ ರಕ್ಷಣೆ. ಯಾರಾದರೂ ಪೊಲೀಸ್, ಗುತ್ತಿಗೆದಾರ, ಸಾಲದ ಭಯದಿಂದ ಓಡಿಬಂದಿದ್ದರೆ ಮನೆಯಲ್ಲೇ ಬಚ್ಚಿಡಬೇಡಿ, ವಕೀಲರ ಹತ್ತಿರ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ, ಬಡವರಿಗೆ ಉಚಿತ ಸಹಾಯ ಸಿಗುತ್ತದೆ.

ಸತ್ತರೆ ಎಲ್ಲಿ ಹೂಳುವುದು

ಕೊನೆಯದಾಗಿ ಯಾರೂ ಮಾತಾಡದ ವಿಷಯ. ಹೊರಗಿನಿಂದ ಬಂದ ಕ್ರೈಸ್ತ ಕೂಲಿಯವರು ಇಲ್ಲೇ ತೀರಿಕೊಂಡರೆ? ರಾಂಚಿಯವರೆಗೆ ಆಂಬುಲೆನ್ಸ್ ಬಾಡಿಗೆ ಅವರ ಮನೆಯವರಿಂದ ಕೊಡಲು ಆಗುವುದಿಲ್ಲ. ನಮ್ಮ ಸಮಾಧಿ ತೋಟಗಳಲ್ಲಿ ಸದಸ್ಯರಿಗೆ ಮಾತ್ರ ಜಾಗ, ಚಂದಾ ಬಾಕಿ ಇರಬಾರದು, ಅಪ್ಪಣೆ ಪತ್ರ ಬೇಕು ಅನ್ನುವ ನಿಯಮಗಳಿವೆ. ಆಗ ಹೆಣವನ್ನು ಶವಾಗಾರದಲ್ಲಿಟ್ಟು ಕಮಿಟಿ ಸೇರುವವರೆಗೆ ಕಾಯುವ ಪರಿಸ್ಥಿತಿ ಬರುತ್ತದೆ.

ಮತ್ತೆ ಅಬ್ರಹಾಮನನ್ನು ನೋಡಿ. ಮೂವರನ್ನು ಸತ್ಕರಿಸಿದ ಅದೇ ಮನುಷ್ಯ ಆದಿಕಾಂಡ 23ರಲ್ಲಿ ಹೆಂಡತಿಯ ಹೆಣ ಮುಂದಿಟ್ಟುಕೊಂಡು ಹಿತ್ತಿಯರ ಎದುರು ನಿಂತಿದ್ದಾನೆ. ನಾನು ನಿಮ್ಮಲ್ಲಿ ಹೊರಗಿನವನು, ಸತ್ತವಳನ್ನು ಹೂಳಲು ನನಗೊಂದು ತುಂಡು ಜಾಗ ಕೊಡಿ ಅಂತ ತಲೆಬಾಗಿ ಕೇಳುತ್ತಾನೆ. ಆ ಊರಿನವರು ಸುಮ್ಮನೆ ಅಟ್ಟಲಿಲ್ಲ. ನಮ್ಮ ಸಮಾಧಿಗಳಲ್ಲಿ ಒಳ್ಳೆಯದನ್ನೇ ಆರಿಸಿಕೋ, ಯಾರೂ ಬೇಡ ಅನ್ನುವುದಿಲ್ಲ ಅಂದರು. ಕೊನೆಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಮಕ್ಪೇಲದ ಹೊಲ ಕೊಂಡ. ಆಗ ಹಿತ್ತಿಯರ ಕೈಯಲ್ಲಿದ್ದ ಅಧಿಕಾರ ಈಗ ನಮ್ಮ ಕಮಿಟಿಯ ಕೈಯಲ್ಲಿದೆ.

ಹಾಗಾಗಿ ಸಾವು ಬರುವ ಮುಂಚೆಯೇ, ಮುಂದಿನ ಕಮಿಟಿ ಸಭೆಯಲ್ಲಿ, ಇಷ್ಟನ್ನು ತೀರ್ಮಾನ ಮಾಡಿ ಬರೆಯಿಸಿಡಿ: ಸಮಾಧಿ ತೋಟದಲ್ಲಿ ಹೊರಗಿನವರಿಗೆ ಒಂದು ಸಾಲು, ಚಂದಾ ಕೇಳಬಾರದು, ಗುಂಡಿ ತೋಡುವವರ ಕೂಲಿ ಸಭೆಯ ನಿಧಿಯಿಂದ, ಅಪ್ಪಣೆ ಕೊಡಲು ಇಬ್ಬರು ಹಿರಿಯರ ಸಹಿ ಸಾಕು, ಪೂರ್ತಿ ಕಮಿಟಿ ಸೇರಬೇಕಾಗಿಲ್ಲ. ಆಸ್ಪತ್ರೆಯ ಮರಣ ವರದಿ, ಅಸಹಜ ಸಾವಾದರೆ ಪೊಲೀಸರ ಪತ್ರ, ಊರಿನಲ್ಲಿರುವ ಮನೆಯವರ ಒಪ್ಪಿಗೆ, ಇಷ್ಟು ಕಾಗದ ಇಟ್ಟುಕೊಳ್ಳಿ. ಊರಿನವರು ಬರಲು ಆಗದಿದ್ದರೆ ವಿಡಿಯೋ ಕಾಲಿನಲ್ಲಿ ತೋರಿಸಿ. ಶಿಲುಬೆಯ ಮೇಲೆ ಹೆಸರನ್ನು ಅವರ ಮನೆಯವರು ಬರೆಯುವ ಹಾಗೆಯೇ, ಅವರ ಲಿಪಿಯಲ್ಲೇ ಬರೆಸಿ, ಕೆಳಗೆ ಕನ್ನಡದಲ್ಲಿ ಊರಿನ ಹೆಸರು ಹಾಕಿ.